ರೊಟೊರುವಾ ಹತ್ತಿರದ ವೈಮಂಗು ಜ್ವಾಲಾಮುಖಿ ಕಣಿವೆ: ಮಂಡಿನೋವಿನ ಅತ್ತೆ, 3 ವರ್ಷದ ಮಗು ಕರೆದುಕೊಂಡು ನಡೆಯಬಹುದಾ?

ಜಯನಗರ_ನಾಲ್ಕನೇ_ಬ್ಲಾಕ್ ಕೇಳಿದ್ದು:

ದಸರಾ ರಜೆಗೆ ನ್ಯೂಜಿಲೆಂಡಿನ ಉತ್ತರ ದ್ವೀಪಕ್ಕೆ ಹೊರಟಿದ್ದೇವೆ. ಆಕ್ಲೆಂಡಿನಿಂದ ಬಾಡಿಗೆ ಕಾರು, ರೊಟೊರುವಾದಲ್ಲಿ ಮೂರು ರಾತ್ರಿ. ಒಟ್ಟು ಆರು ಜನ: ನಾವಿಬ್ಬರು, 8 ವರ್ಷದ ಮಗಳು, 3 ವರ್ಷದ ಮಗ, ಅತ್ತೆ, ಮಾವ. ಮಾವ ದಿನಾ ವಾಕಿಂಗ್ ಮಾಡುವವರು, ಅವರ ಚಿಂತೆ ಇಲ್ಲ. ಅತ್ತೆಗೆ ಮಂಡಿನೋವು. ಸಮತಟ್ಟಾಗಿದ್ದರೆ ಒಂದೂವರೆ ಕಿಲೋಮೀಟರ್ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಅಂದರೆ ಕಷ್ಟ. ಮಗಳಿಗೆ ಆಗಾಗ ವೀಜಿಂಗ್ ಬರುತ್ತದೆ, ಇನ್ಹೇಲರ್ ಇದೆ.

ಬಿಸಿನೀರಿನ ಜಾಗಗಳು ಅಂದರೆ ವೈಮಂಗು ಮತ್ತು ವೈ-ಒ-ಟಾಪು ಎರಡರ ಹೆಸರೂ ಎಲ್ಲರೂ ಹೇಳುತ್ತಾರೆ. ಒಂದೇ ದಿನ ಎರಡೂ ಮುಗಿಸಬಹುದಾ? ಒಂದೇ ಆದರೆ ಯಾವುದು? ಸ್ಟ್ರೋಲರ್ ನಡೆಯುತ್ತಾ? ಗಂಧಕದ ಹೊಗೆ ಮಗಳಿಗೆ ತೊಂದರೆ ಕೊಡುತ್ತಾ? ಊಟದ ವ್ಯವಸ್ಥೆ ಏನು? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಹ್ಯಾಮಿಲ್ಟನ್_ಕನ್ನಡಿಗ ಉತ್ತರ:

ಮೇಡಂ, ನಿಮ್ಮ ಗುಂಪಿಗೆ ವೈಮಂಗು ಸರಿ. ಕಾರಣ ಒಂದೇ: ಅಲ್ಲಿ ನಡಿಗೆ ಒಂದೇ ದಿಕ್ಕಿಗೆ, ಇಳಿಜಾರಿನಲ್ಲಿ. ಟಿಕೆಟ್ ಕೊಡುವ ಕಟ್ಟಡ ಕಣಿವೆಯ ತಲೆಯಲ್ಲಿದೆ. ಅಲ್ಲಿಂದ ರೊಟೊಮಹಾನಾ ಸರೋವರದ ದಡದವರೆಗೆ ಸುಮಾರು ನಾಲ್ಕು ಕಿಲೋಮೀಟರ್ ಇಳಿದುಕೊಂಡು ಹೋಗುತ್ತೀರಿ, ವಾಪಸ್ ಬರಲು ಅವರದೇ ಬಸ್ಸು, ಅದರ ದುಡ್ಡು ಟಿಕೆಟ್ಟಿನಲ್ಲೇ ಸೇರಿದೆ. ದಾರಿಯಲ್ಲಿ ಮೂರು ಕಡೆ ಬಸ್ ನಿಲ್ಲುತ್ತದೆ. ಅಂದರೆ ಯಾರಿಗೆ ಎಲ್ಲಿ ಸಾಕಾಯಿತೋ ಅವರು ಅಲ್ಲೇ ಬಸ್ಸು ಹತ್ತಿ ಮೇಲೆ ಬರಬಹುದು.

ರೊಟೊರುವಾದಿಂದ ಟೌಪೊ ಕಡೆ ಹೋಗುವ 5ನೇ ಹೆದ್ದಾರಿ ಹಿಡಿಯಿರಿ. ಸುಮಾರು 20 ಕಿಲೋಮೀಟರ್ ಆದ ಮೇಲೆ ಎಡಕ್ಕೆ ವೈಮಂಗು ರಸ್ತೆ ಬರುತ್ತದೆ, ಅದರಲ್ಲಿ ಐದಾರು ಕಿಲೋಮೀಟರ್. ಊರಿನಿಂದ ಒಟ್ಟು ಅರ್ಧ ಗಂಟೆ ಅಂದುಕೊಳ್ಳಿ. ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೇ ಅಲ್ಲಿರುವುದು ಒಳ್ಳೆಯದು. ಜನ ಕಡಿಮೆ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ ಹಬೆ: ಗಾಳಿ ತಣ್ಣಗಿದ್ದಾಗ ಅದು ಬೇಗ ಸಾಂದ್ರವಾಗಿ ಬೆಳ್ಳಗೆ ಎದ್ದು ಕಾಣುತ್ತದೆ. ಅದೇ ಜಾಗ ಬಿಸಿಲು ಏರಿದ ಮೇಲೆ ಸಪ್ಪೆ.

ಮೊದಲ ಒಂದೂವರೆ ಕಿಲೋಮೀಟರಿನಲ್ಲೇ ಮುಖ್ಯವಾದದ್ದೆಲ್ಲ ಸಿಗುತ್ತದೆ. ಮೊದಲು ಎಮರಾಲ್ಡ್ ಪೂಲ್ ಅನ್ನುವ ಹಸಿರು ಕೊಳ. ಅದರ ನೀರು ತಣ್ಣಗೇ ಇರುತ್ತದೆ, ಮಕ್ಕಳು ಅಲ್ಲೇ 'ಇಷ್ಟೇನಾ' ಅಂದರೆ ಸ್ವಲ್ಪ ತಡೆಯಲು ಹೇಳಿ. ಆಮೇಲೆ ಫ್ರೈಯಿಂಗ್ ಪ್ಯಾನ್ ಸರೋವರ, ಸುಮಾರು 9 ಎಕರೆ ಅಗಲದ ಬಿಸಿನೀರು, ಅದರ ದಡದಲ್ಲಿ ಹೊಗೆಯಾಡುವ ಕೆಥೀಡ್ರಲ್ ರಾಕ್ಸ್. ನಂತರ ಪಕ್ಕಕ್ಕೆ ಹತ್ತಿದರೆ ಇನ್ಫರ್ನೋ ಕ್ರೇಟರ್, ಹಾಲು ಬೆರೆತ ನೀಲಿ ಬಣ್ಣದ ನೀರು. ಇನ್ಫರ್ನೋಗೆ ಮೆಟ್ಟಿಲಿದೆ. ಅತ್ತೆಯವರು ಕೆಳಗೆ ಮುಖ್ಯದಾರಿಯಲ್ಲೇ ನಿಲ್ಲಲಿ, ಉಳಿದವರು ಸರದಿಯಂತೆ ಹತ್ತಿ ನೋಡಿ ಬನ್ನಿ. ಇಷ್ಟಕ್ಕೆ ಮಕ್ಕಳ ಜೊತೆ ಒಂದೂಕಾಲು ಗಂಟೆ ಬೇಕು. ಇಲ್ಲಿಗೆ ಮೊದಲ ಬಸ್ ನಿಲ್ದಾಣ. ಅತ್ತೆ, ಚಿಕ್ಕ ಮಗು, ಜೊತೆಗೊಬ್ಬರು ಬಸ್ಸಿನಲ್ಲಿ ಮೇಲೆ ಹೋಗಿ ಕಾಫಿ ಕುಡಿಯಲಿ. ಮಾವ, ಮಗಳು, ನಿಮ್ಮಲ್ಲೊಬ್ಬರು ಮುಂದೆ ನಡೆಯಿರಿ. ಮುಂದಿನ ಭಾಗದಲ್ಲಿ ಬಿಸಿನೀರಿನಲ್ಲಿರುವ ಸಿಲಿಕಾ ಖನಿಜ ಪದರವಾಗಿ ಕಟ್ಟಿ ತಾನಾಗಿ ಆದ ಚಿಕ್ಕ ಚಿಕ್ಕ ಮೆಟ್ಟಿಲುಗಳಿವೆ: ವಾರ್‌ಬ್ರಿಕ್ ಟೆರೇಸ್, ಮಾರ್ಬಲ್ ಟೆರೇಸ್. ಕೊನೆಯ ತುಂಡು ಹೆಚ್ಚಾಗಿ ಕಾಡುದಾರಿ, ಚೆನ್ನಾಗಿದೆ ಆದರೆ ಬಿಸಿನೀರು ಕಡಿಮೆ. ನಡುವೆ ಮೌಂಟ್ ಹ್ಯಾಜರ್ಡ್ ಅನ್ನುವ ಬೇರೆ ಹಾದಿ ಕವಲೊಡೆಯುತ್ತದೆ. ಅದು ಕಡಿದಾದ ಏರು, ಮಕ್ಕಳಿದ್ದರೆ ಬಿಟ್ಟುಬಿಡಿ.

ಬಸ್ಸಿನ ವೇಳಾಪಟ್ಟಿ ಟಿಕೆಟ್ ಕೌಂಟರಿನಲ್ಲಿ ಸಿಗುತ್ತದೆ. ಒಳಗೆ ಇಳಿಯುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಇಲ್ಲವಾದರೆ ಇಳಿದಷ್ಟನ್ನೂ ಹತ್ತಬೇಕು. ಟಾಯ್ಲೆಟ್ ಮೇಲೆಯೇ ಮುಗಿಸಿಕೊಳ್ಳಿ. ಊಟ ತಿಂಡಿಗೆ ಇರುವುದು ಮೇಲಿನ ಕೆಫೆ, ಹಾದಿಯಲ್ಲಿ ಅಂಗಡಿ ಇಲ್ಲ. ತಲೆಗೆ ಅರ್ಧ ಲೀಟರ್ ನೀರು, ಮಕ್ಕಳಿಗೆ ಏನಾದರೂ ಒಣ ತಿಂಡಿ ಚೀಲದಲ್ಲಿರಲಿ.

ಎರಡೂ ಒಂದೇ ದಿನ ಬೇಡ. ಮೂರು ರಾತ್ರಿ ಇದೆಯಲ್ಲ.

ತುಂಗಾತೀರ ಉತ್ತರ:

ಮೇಲಿನ ಸಲಹೆಗೆ ಒಂದು ತಕರಾರು. 'ಇಳಿಜಾರು, ಆದ್ದರಿಂದ ಸುಲಭ' ಅನ್ನುವುದು ಶ್ವಾಸಕ್ಕೆ ನಿಜ, ಮಂಡಿಗೆ ಸುಳ್ಳು. ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಮಂಡಿಚಿಪ್ಪಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಅದರಲ್ಲೂ ಟಿಕೆಟ್ ಕಟ್ಟಡದಿಂದ ಹೊರಟ ಕೂಡಲೇ ಬರುವ ಮೊದಲ ಇಳಿಜಾರು ಚೆನ್ನಾಗಿಯೇ ಇದೆ. ಹಾಗಂತ ಬೇಡ ಅನ್ನುತ್ತಿಲ್ಲ, ಹೀಗೆ ಮಾಡಿ:

ಎರಡು ಟ್ರೆಕಿಂಗ್ ಕೋಲು ಬೇಕು, ಒಂದು ಸಾಲದು. ಇಳಿಯುವಾಗ ಕೋಲನ್ನು ಮಾಮೂಲಿಗಿಂತ ಐದು ಸೆಂಟಿಮೀಟರ್ ಉದ್ದ ಮಾಡಿಕೊಂಡು ಕಾಲಿಗಿಂತ ಮೊದಲು ಕೋಲು ಊರಬೇಕು. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಅಗಲವಾದ ಕಡೆ ನೇರ ಇಳಿಯದೆ ಓರೆಯಾಗಿ ಇಳಿಯಲಿ. ಸೀರೆ ಉಟ್ಟರೂ ಅಡ್ಡಿಯಿಲ್ಲ, ಕಾಲಿಗೆ ಮಾತ್ರ ಹಿಮ್ಮಡಿ ಮುಚ್ಚುವ, ತಳದಲ್ಲಿ ಹಿಡಿತವಿರುವ ಶೂ ಬೇಕೇ ಬೇಕು. ಅಕ್ಟೋಬರಿನಲ್ಲಿ ಅಲ್ಲಿ ವಸಂತ, ಮಳೆ ಯಾವಾಗ ಬೇಕಾದರೂ ಬರುತ್ತದೆ, ಜಲ್ಲಿ ಹಾದಿ ಒದ್ದೆಯಾದರೆ ಜಾರುತ್ತದೆ. ಛತ್ರಿಗಿಂತ ರೈನ್‌ಕೋಟ್ ಮೇಲು, ಕೋಲು ಹಿಡಿಯಲು ಎರಡು ಕೈ ಬೇಕಲ್ಲ.

ಸ್ಟ್ರೋಲರ್ ಬಗ್ಗೆ: ದೊಡ್ಡ ಚಕ್ರದ್ದಾದರೆ ಮುಖ್ಯದಾರಿಯಲ್ಲಿ ತಳ್ಳಬಹುದು, ಇನ್ಫರ್ನೋ ಮೆಟ್ಟಿಲಿಗೆ ಆಗುವುದಿಲ್ಲ. ವಿಮಾನಕ್ಕೆಂದು ಕೊಳ್ಳುವ ಮಡಚುವ ಸ್ಟ್ರೋಲರಿನ ಸಣ್ಣ ಚಕ್ರ ಜಲ್ಲಿಯಲ್ಲಿ ಹೂತುಕೊಳ್ಳುತ್ತದೆ, ಇಳಿಜಾರಿನಲ್ಲಿ ಬ್ರೇಕೂ ಸರಿಯಾಗಿ ನಿಲ್ಲುವುದಿಲ್ಲ. ಬೆನ್ನಿಗೆ ಕಟ್ಟುವ ಬೇಬಿ ಕ್ಯಾರಿಯರ್ ತನ್ನಿ. 3 ವರ್ಷದ ಮಗು ಹದಿಮೂರು ಹದಿನಾಲ್ಕು ಕಿಲೋ ಇರುತ್ತದೆ, ಆದ್ದರಿಂದ ಅದು ಎಷ್ಟು ತೂಕದವರೆಗೆ ತಾಳುತ್ತದೆ ಎಂದು ಪಟ್ಟಿಯ ಮೇಲೆ ಓದಿ ಕೊಳ್ಳಿ. ಕ್ಯಾರಿಯರಿನ ಇನ್ನೊಂದು ಲಾಭ, ಮಗು ಮೇಲಿರುತ್ತದೆ. ಇಲ್ಲಿನ ಗಂಧಕದ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ.

ಮಂಡಿ ಆ ದಿನ ಒಪ್ಪದಿದ್ದರೆ ಬದಲಿ ಇದೆ. ರೊಟೊರುವಾ ಊರಿನೊಳಗೇ ಕುಯಿರಾವ್ ಪಾರ್ಕ್: ಟಿಕೆಟ್ ಇಲ್ಲ, ನೆಲ ಸಮತಟ್ಟು, ಬೇಲಿಯ ಆಚೆ ಕುದಿಯುವ ಕೆಸರು, ಬಿಸಿಕೊಳ, ಕಾಲು ಇಳಿಬಿಟ್ಟು ಕೂರಲು ಬಿಸಿನೀರಿನ ತೊಟ್ಟಿ. ವೈ-ಒ-ಟಾಪು ಹತ್ತಿರ ರಸ್ತೆ ಪಕ್ಕದಲ್ಲೇ ದೊಡ್ಡ ಕೆಸರು ಕೊಳವೊಂದಿದೆ, ಅದಕ್ಕೂ ಟಿಕೆಟ್ ಇಲ್ಲ, ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಅಷ್ಟೆ. ಮಕ್ಕಳಿಗೆ ಟಿಕೆಟ್ ಕೊಟ್ಟು ನೋಡಿದ್ದಕ್ಕಿಂತ ಈ ಪುಕ್ಕಟೆ ಕೆಸರೇ ಹೆಚ್ಚು ಹಿಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ!

ಶಿಲಾಪದರ ಉತ್ತರ:

ಜಾಗ ಹೇಗಾಯಿತು ಅಂತ ಗೊತ್ತಿದ್ದರೆ ನೋಡಲು ರುಚಿ, ಎಚ್ಚರಿಕೆಯ ಫಲಕಗಳಿಗೂ ಅರ್ಥ ಸಿಗುತ್ತದೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

1886 ಜೂನ್ 10ರ ನಸುಕಿಗೂ ಮೊದಲು ತರವೇರಾ ಬೆಟ್ಟ ಸಿಡಿಯಿತು. ಬೆಟ್ಟದಿಂದ ಈಗಿನ ವೈಮಂಗುವರೆಗೆ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ನೆಲ ಸೀಳಿತು. ಸತ್ತವರು ಸುಮಾರು 120 ಜನ, ಬಹುಪಾಲು ಮಾವೊರಿಗಳು. ಇಡೀ ಪ್ರಪಂಚದಿಂದ ಜನ ನೋಡಲು ಬರುತ್ತಿದ್ದ ಗುಲಾಬಿ ಮತ್ತು ಬಿಳಿ ಸಿಲಿಕಾ ಮೆಟ್ಟಿಲುಗಳು ಆ ರಾತ್ರಿಯೇ ಕಣ್ಮರೆಯಾದವು. ರೊಟೊಮಹಾನಾ ಸರೋವರದ ತಳ ಹಾರಿಹೋಗಿ, ಮುಂದೆ ನೀರು ತುಂಬಿ ಅದು ಮೊದಲಿಗಿಂತ ಎಷ್ಟೋ ಪಟ್ಟು ದೊಡ್ಡದಾಯಿತು. ನೀವು ನಡೆಯುವ ಕಣಿವೆ ಆ ಸೀಳಿನ ನೈಋತ್ಯ ತುದಿ. ಹುಟ್ಟಿದ ದಿನ ಇಂಥದ್ದೇ ಎಂದು ಹೇಳಬಹುದಾದ ಬಿಸಿನೀರಿನ ಕ್ಷೇತ್ರ ಬೇರೆ ಸಿಗುವುದು ಕಷ್ಟ. ಅಲ್ಲಿ ಕಾಣುವ ಕಾಡೂ ಅಷ್ಟೆ, 1886ರ ನಂತರ ತಾನಾಗಿ ಬೆಳೆದದ್ದು.

1900ರಿಂದ 1904ರವರೆಗೆ ಇಲ್ಲಿ ವೈಮಂಗು ಚಿಲುಮೆ ಚಿಮ್ಮುತ್ತಿತ್ತು. ಕೆಸರು, ಕಲ್ಲು ಬೆರೆತ ಕಪ್ಪುನೀರು 400 ಮೀಟರಿಗೂ ಮೇಲೆ ಹೋಗುತ್ತಿತ್ತು. 1903ರ ಆಗಸ್ಟಿನಲ್ಲಿ, ಹತ್ತಿರ ಹೋಗಬೇಡಿ ಎಂದರೂ ಹೋದ ನಾಲ್ಕು ಜನ ಆ ನೀರಿಗೆ ಸಿಕ್ಕಿ ಸತ್ತರು. ಅವರಲ್ಲೊಬ್ಬ ಜೋ ವಾರ್‌ಬ್ರಿಕ್, 1888-89ರಲ್ಲಿ ಬ್ರಿಟನ್ ಪ್ರವಾಸ ಮಾಡಿದ ನ್ಯೂಜಿಲೆಂಡಿನ ರಗ್ಬಿ ತಂಡದ ನಾಯಕ. 1904ರಲ್ಲಿ ಚಿಲುಮೆ ನಿಂತುಹೋಯಿತು. 1917 ಏಪ್ರಿಲ್ 1ರಂದು ಎಕೋ ಕ್ರೇಟರ್ ಮತ್ತೆ ಸಿಡಿದು ಇಬ್ಬರು ತೀರಿಕೊಂಡರು, ಆ ಗುಂಡಿಯಲ್ಲಿ ನೀರು ತುಂಬಿದ್ದೇ ಫ್ರೈಯಿಂಗ್ ಪ್ಯಾನ್ ಸರೋವರ.

ಆ ಸರೋವರ ಕೊತಕೊತ ಕುದಿಯುವಂತೆ ಕಾಣುತ್ತದೆ, ಆದರೆ ಕುದಿಯುತ್ತಿಲ್ಲ. ಮೇಲ್ಮೈ ನೀರು ಸುಮಾರು 55 ಡಿಗ್ರಿ. ಗುಳ್ಳೆಗಳು ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್. ಕುದಿಯುತ್ತಿಲ್ಲವಲ್ಲ ಎಂದು ಸಲಿಗೆ ಬೇಡ, 60 ಡಿಗ್ರಿಯ ನೀರಿಗೆ ಮಗುವಿನ ಚರ್ಮ ಆಳವಾಗಿ ಸುಡಲು ಕೆಲವೇ ಸೆಕೆಂಡು ಸಾಕು. ಹಾದಿಯ ಪಕ್ಕದಲ್ಲೇ ತೊರೆ ಹರಿಯುತ್ತದೆ, ಹಸಿರು ಕಿತ್ತಳೆ ಬಣ್ಣದ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಚೆಂದ ಕಾಣುತ್ತದೆ, 3 ವರ್ಷದವನು ಮೊದಲು ಕೈಹಾಕುವುದೇ ಅದಕ್ಕೆ. ಎಲ್ಲ ಕಡೆ ಕಂಬಿ ಇರುವುದಿಲ್ಲ. ಆ ಭಾಗದಲ್ಲಿ ಅವನನ್ನು ಕ್ಯಾರಿಯರಿನಿಂದ ಇಳಿಸಬೇಡಿ.

ಇನ್ಫರ್ನೋ ಕ್ರೇಟರಿನ ವಿಚಿತ್ರ ಇದು: ಅದರ ನೀರು ಸುಮಾರು 38 ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಏರುತ್ತಾ ಏರುತ್ತಾ ಬಿಸಿಯಾಗಿ, ಅಂಚು ಮುಟ್ಟಿದಾಗ 75-80 ಡಿಗ್ರಿಯಾಗಿ, ಎರಡು ಮೂರು ದಿನ ಹೊರಚೆಲ್ಲುತ್ತದೆ. ಆಮೇಲೆ ಸುಮಾರು ಎರಡು ವಾರದಲ್ಲಿ ಎಂಟು ಮೀಟರ್‌ವರೆಗೆ ಇಳಿದು, ತಣ್ಣಗಾಗಿ, ಮತ್ತೆ ಶುರು. ಇನ್ಫರ್ನೋ ಚೆಲ್ಲುವಾಗ ಫ್ರೈಯಿಂಗ್ ಪ್ಯಾನಿನಿಂದ ಹರಿದುಹೋಗುವ ನೀರು ಕಡಿಮೆಯಾಗುತ್ತದೆ, ಎರಡಕ್ಕೂ ನೆಲದಡಿ ಸಂಬಂಧವಿದೆ ಅನ್ನುವುದಕ್ಕೆ ಇದೇ ಸಾಕ್ಷಿ. ಹೋದ ದಿನ ನೀರು ತಳದಲ್ಲಿದ್ದರೆ 'ಫೋಟೋದಲ್ಲಿ ಇದ್ದಂತಿಲ್ಲ' ಎಂದು ನಿರಾಸೆ ಆಗಬಹುದು. ಈಗ ಯಾವ ಹಂತ ಎಂದು ಕೌಂಟರಿನಲ್ಲಿ ಕೇಳಿ ಮಗಳಿಗೆ ಮೊದಲೇ ಹೇಳಿಡಿ. ನೀರು ಹೆಚ್ಚುಕಡಿಮೆ ನಿಂಬೆರಸದಷ್ಟು ಆಮ್ಲ.

ಹಾದಿ ಬಿಟ್ಟು ಇಳಿಯಬಾರದು ಅನ್ನುವುದಕ್ಕೂ ಕಾರಣ ಇದೇ ಆಮ್ಲ. ಬಿಸಿ ಆಮ್ಲದ ಹಬೆ ಕಲ್ಲನ್ನು ಮೆತ್ತನೆಯ ಜೇಡಿ ಮಾಡಿಬಿಡುತ್ತದೆ, ಮೇಲೆ ಒಣಗಿದ ತೆಳು ಪದರ, ಅಡಿಯಲ್ಲಿ ಕುದಿಕೆಸರು. ನೋಡಿದರೆ ಗಟ್ಟಿನೆಲದ ಹಾಗೇ ಇರುತ್ತದೆ. ಸಿಲಿಕಾ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ನಿಮಗೆ ಏನೂ ಆಗದಿರಬಹುದು, ಆದರೆ ವರ್ಷಗಟ್ಟಲೆ ಪದರ ಪದರವಾಗಿ ಕಟ್ಟಿದ್ದು ಒಡೆಯುತ್ತದೆ.

ಯಾರಿಗಾದರೂ ಸುಟ್ಟರೆ: ಹರಿಯುವ ತಣ್ಣೀರಿನಲ್ಲಿ 20 ನಿಮಿಷ, ಸುಟ್ಟ ಜಾಗಕ್ಕೆ ಅಂಟಿದ ಬಟ್ಟೆ ಕೀಳಬೇಡಿ, ಅರಿಶಿನ, ಪೇಸ್ಟು ಯಾವುದೂ ಬೇಡ, ತುರ್ತು ಕರೆ 111. ಅಪಘಾತದ ಗಾಯಕ್ಕೆ ಅಲ್ಲಿನ ಎ.ಸಿ.ಸಿ. ಎಂಬ ಸರ್ಕಾರಿ ಅಪಘಾತ ಪರಿಹಾರ ಯೋಜನೆ ಪ್ರವಾಸಿಗರಿಗೂ ಚಿಕಿತ್ಸೆಯ ಖರ್ಚಿನಲ್ಲಿ ನೆರವಾಗುತ್ತದೆ, ಕಾಯಿಲೆಗೆ ಅಲ್ಲ. ಆದ್ದರಿಂದ ಪ್ರವಾಸ ವಿಮೆ ಬಿಡಬೇಡಿ.

ವಾಣಿ_ಕುಂದಾಪ್ರ ಉತ್ತರ:

ಯಾರೂ ಹೇಳದ ಒಂದು ವಿಷಯ: ಬೆಳ್ಳಿ. ಗಂಧಕದ ಅನಿಲಕ್ಕೆ ಬೆಳ್ಳಿ ಕಪ್ಪಾಗುತ್ತದೆ, ರೊಟೊರುವಾದಲ್ಲಿ ಮೂರು ದಿನ ಇದ್ದರೆ ಸಾಕು. ಮಗಳ ಕಾಲ್ಗೆಜ್ಜೆ, ಮಗನ ಉಡಿದಾರ, ಕಾಲುಂಗುರ, ಅತ್ತೆಯವರ ಬೆಳ್ಳಿ ಕುಂಕುಮದ ಭರಣಿ ತಂದಿದ್ದರೆ ಅದೂ. ಬಿಚ್ಚಬಹುದಾದ್ದನ್ನು ಜಿಪ್ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿಡಿ. ಅಚ್ಚ ಚಿನ್ನಕ್ಕೆ ತೊಂದರೆ ಇಲ್ಲ, ಆದರೆ ತಾಮ್ರ ಬೆಳ್ಳಿ ಹೆಚ್ಚು ಬೆರೆಸಿದ ಕಡಿಮೆ ಕ್ಯಾರೆಟ್ಟಿನ ಒಡವೆ ಮಂಕಾಗಬಹುದು.

ಕಪ್ಪಾದರೆ ಉಜ್ಜಬೇಡಿ, ಬೆಳ್ಳಿ ಸವೆಯುತ್ತದೆ. ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಒಡವೆ ಫಾಯಿಲಿಗೆ ತಾಗುವಂತೆ ಇಟ್ಟು, ಒಂದು ಲೀಟರ್ ಕುದಿನೀರಿಗೆ ಎರಡು ಚಮಚ ಅಡಿಗೆ ಸೋಡಾ ಹಾಕಿ ಸುರಿಯಿರಿ. ಗಂಧಕ ಬೆಳ್ಳಿ ಬಿಟ್ಟು ಅಲ್ಯೂಮಿನಿಯಂ ಹಿಡಿಯುತ್ತದೆ. ಐದು ನಿಮಿಷದಲ್ಲಿ ಬೆಳ್ಳಗಾಗುತ್ತದೆ, ಕೋಳಿಮೊಟ್ಟೆ ವಾಸನೆ ಬಂದರೆ ಕೆಲಸ ಆಗುತ್ತಿದೆ ಎಂದರ್ಥ. ಹರಳು ಕೂರಿಸಿದ್ದು, ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಒಡವೆ ಇದಕ್ಕೆ ಹಾಕಬೇಡಿ.

ಮಗಳ ವಿಷಯ: ತೆರೆದ ಕಣಿವೆ, ಗಾಳಿ ಆಡುತ್ತದೆ, ಹೆಚ್ಚಿನವರಿಗೆ ವಾಸನೆಯಷ್ಟೇ. ಆದರೆ ಆಸ್ತಮಾ ಇದ್ದವರಿಗೆ ಈ ಅನಿಲ, ಅದರ ಜೊತೆ ಬೆಳಗಿನ ಚಳಿ ಎರಡೂ ಸೇರಿ ಕೆಮ್ಮು ಎಬ್ಬಿಸಬಹುದು. ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಬೇಕಾದರೆ ಒಂದು ಲಿಖಿತ ಯೋಜನೆ ಬರೆಸಿಕೊಳ್ಳಿ. ನೀಲಿ ಇನ್ಹೇಲರ್ ಮತ್ತು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ನಿಮ್ಮ ಸೊಂಟದ ಚೀಲದಲ್ಲಿರಲಿ, ಕಾರಿನಲ್ಲಿ ಅಲ್ಲ. ಹಬೆ ಯಾವ ಕಡೆ ಬೀಸುತ್ತಿದೆ ನೋಡಿ ಅದರ ಎದುರುಬದಿಗೆ ನಿಲ್ಲಿ, ದಟ್ಟ ಹಬೆಯಲ್ಲಿ ಫೋಟೋಗೆ ನಿಲ್ಲಿಸಬೇಡಿ. ಬಟ್ಟೆಯ ಮಾಸ್ಕ್ ಆಗಲಿ ಎನ್-95 ಆಗಲಿ ಅನಿಲ ತಡೆಯುವುದಿಲ್ಲ, ಅದನ್ನು ನೆಚ್ಚಬೇಡಿ. ಇನ್ನೊಂದು: ಸ್ವಲ್ಪ ಹೊತ್ತಿಗೆ ಮೂಗು ವಾಸನೆ ಮರೆಯುತ್ತದೆ. ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಎಂದಲ್ಲ. ಉಳಿದುಕೊಳ್ಳುವ ಕೋಣೆಯಲ್ಲೂ ಕಿಟಕಿ ಸ್ವಲ್ಪ ತೆರೆದಿರಲಿ, ಗಾಳಿಕಿಂಡಿಗೆ ಬಟ್ಟೆ ತುರುಕಬೇಡಿ.

ಊಟ: ಊರಿನಿಂದ ಚಟ್ನಿಪುಡಿ, ಚಕ್ಕುಲಿ ತರುವುದಾದರೆ ಆಗಮನ ಪತ್ರದಲ್ಲಿ 'ಆಹಾರ ಇದೆ' ಎಂದು ತಪ್ಪದೆ ಗುರುತು ಹಾಕಿ. ಹೇಳಿ ತಂದಿದ್ದು ಆಗದಿದ್ದರೆ ತೆಗೆದುಕೊಳ್ಳುತ್ತಾರೆ ಅಷ್ಟೆ, ಹೇಳದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಹಸಿ ಕರಿಬೇವು, ಜೇನುತುಪ್ಪ ಬೇಡವೇ ಬೇಡ. ಬಳಸಿದ ಶೂ, ಟ್ರೆಕಿಂಗ್ ಕೋಲು ಕೂಡ ತಿಳಿಸಬೇಕು, ಮಣ್ಣು ಪೂರ್ತಿ ತೊಳೆದು ತನ್ನಿ.

ಜಯನಗರ_ನಾಲ್ಕನೇ_ಬ್ಲಾಕ್:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇನ್ನೆರಡು ಪ್ರಶ್ನೆ. ಸರೋವರದ ದೋಣಿ ಬೇಕಾ? ಎರಡನೇ ದಿನ ವೈ-ಒ-ಟಾಪು ಹೋದರೆ ಬೆಳಿಗ್ಗೆ 10:15ಕ್ಕೆ ಚಿಮ್ಮುವ ಆ ಲೇಡಿ ನಾಕ್ಸ್ ಚಿಲುಮೆ ನೋಡಲೇಬೇಕಾ? ಸೋಪು ಹಾಕಿ ಚಿಮ್ಮಿಸುತ್ತಾರಂತೆ?

ಹ್ಯಾಮಿಲ್ಟನ್_ಕನ್ನಡಿಗ:

ದೋಣಿ 45 ನಿಮಿಷ, ಟಿಕೆಟ್ ಬೇರೆ, ನಡಿಗೆಯ ಜೊತೆ ಸೇರಿಸಿಯೂ ಕೊಡುತ್ತಾರೆ. ಅತ್ತೆಯವರಿಗೆ ಇದು ಒಳ್ಳೆಯದು: ಕೂತುಕೊಂಡೇ ಹಬೆಯಾಡುವ ದಡ, ಕಪ್ಪು ಹಂಸಗಳನ್ನು ನೋಡಬಹುದು. ಮೊದಲ ನಿಲ್ದಾಣದಿಂದ ಮೇಲೆ ಬರುವ ಬದಲು ಬಸ್ಸಿನಲ್ಲೇ ದೋಣಿಕಟ್ಟೆಗೆ ಇಳಿದು ಅಲ್ಲಿ ಎಲ್ಲರೂ ಸೇರಬಹುದಾ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ ಸಮಯ ಹೊಂದಿಸಿಕೊಳ್ಳಿ. ಸರೋವರದ ಮೇಲೆ ಗಾಳಿ ಚುರುಕು, ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಹಾಕಿ.

ಶಿಲಾಪದರ:

ದೋಣಿಯಲ್ಲಿ 'ಗುಲಾಬಿ ಮೆಟ್ಟಿಲು ಇಲ್ಲಿತ್ತು' ಎಂದು ತೋರಿಸಿದರೆ ಅದನ್ನು ಒಂದು ವಾದ ಎಂದಷ್ಟೇ ತೆಗೆದುಕೊಳ್ಳಿ. 2011ರಲ್ಲಿ ಸರೋವರದ ತಳ ಶೋಧಿಸಿದ ವಿಜ್ಞಾನಿಗಳು ಮೆಟ್ಟಿಲಿನ ತುಣುಕು ನೀರಡಿಯಲ್ಲಿ ಸಿಕ್ಕಿತು ಎಂದರು. 1859ರಲ್ಲಿ ಅಲ್ಲಿ ಅಳತೆ ಮಾಡಿದ್ದ ಭೂವಿಜ್ಞಾನಿ ಹೊಚ್‌ಸ್ಟೆಟರನ ದಿನಚರಿ ಹಿಡಿದು ಲೆಕ್ಕ ಹಾಕಿದ ಇನ್ನಿಬ್ಬರು 2017ರಲ್ಲಿ, ಇಲ್ಲ, ಅವು ದಡದ ಮಣ್ಣಿನಡಿ ಹೂತಿವೆ ಎಂದರು. ಜಗಳ ಮುಗಿದಿಲ್ಲ.

ಲೇಡಿ ನಾಕ್ಸ್ ಚಿಲುಮೆಗೆ ಸೋಪಿನಂಥದ್ದು ಹಾಕುವುದು ನಿಜ. ನೆಲದಡಿ ಮೇಲೆ ತಣ್ಣೀರು, ಕೆಳಗೆ ಕುದಿನೀರು ಪದರವಾಗಿ ನಿಂತಿರುತ್ತದೆ. ಸೋಪು ನೀರಿನ ಮೇಲ್ಮೈ ಎಳೆತ ಕಡಿಮೆ ಮಾಡಿದಾಗ ಪದರ ಕಲಸಿ ಸಿಡಿಯುತ್ತದೆ. ಸಮಯಕ್ಕೆ ಸರಿಯಾಗಿ ಚಿಮ್ಮುವುದರಿಂದ ಮಕ್ಕಳಿಗೆ ಅನುಕೂಲ, ಕೂರಲು ಬೆಂಚುಗಳಿವೆ. ಸೋಪಿಲ್ಲದ್ದು ಬೇಕಾದರೆ ರೊಟೊರುವಾ ಊರಲ್ಲೇ ಟೆ ಪುಯಿಯಾ ಎಂಬ ಬಿಸಿನೀರಿನ ತಾಣದಲ್ಲಿ ಪೊಹುಟು ಚಿಲುಮೆ ಇದೆ, ಸಾಮಾನ್ಯವಾಗಿ ಗಂಟೆಗೆ ಒಂದೆರಡು ಸಲ, 30 ಮೀಟರ್‌ವರೆಗೆ.

ತುಂಗಾತೀರ:

ಲೇಡಿ ನಾಕ್ಸ್ ಇರುವುದು ಮುಖ್ಯ ಪ್ರವೇಶದ ಬಳಿ ಅಲ್ಲ, ಮತ್ತೆ ಕಾರಿನಲ್ಲಿ ಹೋಗಬೇಕು. ಮೊದಲು ಟಿಕೆಟ್, ಆಮೇಲೆ ಚಿಲುಮೆ. ಟಿಕೆಟ್ ಕೌಂಟರಿಗೆ 9:30ಕ್ಕೇ ಹೋಗಿ. ಚಿಲುಮೆ ಮುಗಿದ ಕೂಡಲೇ ಇಡೀ ಜನಸಂದಣಿ ಒಟ್ಟಿಗೆ ವೈ-ಒ-ಟಾಪು ಒಳಗೆ ನುಗ್ಗುತ್ತದೆ, ಆದ್ದರಿಂದ ಆ ಮುಕ್ಕಾಲು ಗಂಟೆ ಕೆಸರು ಕೊಳದ ಹತ್ತಿರ ಕಳೆಯಿರಿ. 65 ಮೀಟರ್ ಅಗಲದ ಷಾಂಪೇನ್ ಪೂಲ್ ಮಧ್ಯಾಹ್ನಕ್ಕೇ ಚೆಂದ, ಚಳಿಯ ಬೆಳಿಗ್ಗೆ ಹಬೆ ಮುಚ್ಚಿ ಕಿತ್ತಳೆ ಅಂಚು ಕಾಣುವುದಿಲ್ಲ. ಆ ಕಿತ್ತಳೆ ಆರ್ಸೆನಿಕ್ ಮತ್ತು ಆಂಟಿಮನಿ ಸಲ್ಫೈಡ್, ಮುಟ್ಟುವಂತಿಲ್ಲ.

ಅಲ್ಲೇ ಹತ್ತಿರ ಕೆರೊಸಿನ್ ಕ್ರೀಕ್ ಎಂಬ ಬಿಸಿ ತೊರೆಯಲ್ಲಿ ಜನ ಪುಕ್ಕಟೆ ಸ್ನಾನ ಮಾಡುತ್ತಾರೆ. ಚಿಕ್ಕ ಮಕ್ಕಳಿಗೆ ಬೇಡ. ಬಿಸಿನೀರಿನ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋಗುವ ಅಪಾಯವಿದೆ, ತಲೆ ಮುಳುಗಿಸಬಾರದು ಅನ್ನುವುದು ಅದಕ್ಕೆ, 3 ವರ್ಷದವನಿಗೆ ಅದನ್ನು ಹೇಳಿ ತಿಳಿಸಲು ಆಗುತ್ತದಾ? ಸ್ನಾನ ಬೇಕೆಂದರೆ ವೈಕಿಟೆ ವ್ಯಾಲಿಯ ಕಟ್ಟಿದ ಕೊಳಗಳಿಗೆ ಹೋಗಿ, ಅಲ್ಲೂ ತಲೆ ಮೇಲೇ ಇರಲಿ.

ಕಾರು ಏಳು ಸೀಟಿನದ್ದು ಬೇಕು, ಮಗನಿಗೆ ಚೈಲ್ಡ್ ಸೀಟ್ ಕಾನೂನಿನ ಪ್ರಕಾರ ಕಡ್ಡಾಯ, ಮಗಳಿಗೆ ಕಡ್ಡಾಯವಲ್ಲದಿದ್ದರೂ 148 ಸೆಂಟಿಮೀಟರ್ ಎತ್ತರ ಆಗುವವರೆಗೆ ಬೂಸ್ಟರ್ ಇರಲಿ ಎನ್ನುತ್ತಾರೆ. ಎರಡನ್ನೂ ಬುಕ್ ಮಾಡುವಾಗಲೇ ಹೇಳಿ. ಅಕ್ಟೋಬರ್ ಮೊದಲ ಭಾಗದಲ್ಲಿ ಅಲ್ಲಿನ ಶಾಲೆಗಳಿಗೂ ರಜೆ, ನಾಲ್ಕನೇ ಸೋಮವಾರ ಲೇಬರ್ ಡೇ ವಾರಾಂತ್ಯ. ಆ ದಿನಗಳಿಗೆ ತಾಗಿದರೆ ಕೋಣೆ ಈಗಲೇ ಹಿಡಿಯಿರಿ, ಆರು ಜನಕ್ಕೆ ಅಡಿಗೆಮನೆ ಇರುವ ಮೋಟೆಲ್ ಘಟಕಗಳೇ ಮೊದಲು ಖಾಲಿಯಾಗುವುದು.